ಫೋಟೊದ ಮೇಲಿನ ಅಕ್ಷರ

"ಇಮೇಜ್. ಇಮೇಜ್. ಇಮೇಜ್." ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ದನಿ, ಅಪ್ಪನ ಕಾರ್ಪೆಟ್ ಅಂಗಡಿಗೆಂದು ಜಸೀಲ ಮಾಡಿದ ವೆಬ್‌ಸೈಟಿನ ಮೇಲೆ ಅದೊಂದೇ ಮಾತು ಹೇಳುತ್ತಿತ್ತು. ವಾಟ್ಸಾಪ್ ಸ್ಟೇಟಸ್ ಹಾಕುವ ಅಭ್ಯಾಸದಲ್ಲಿ ಅವಳು ಕಾರ್ಪೆಟ್ಟಿನ ಬಣ್ಣ, ಅಳತೆ, ಬೆಲೆಯನ್ನೆಲ್ಲ ಫೋಟೊದ ಮೇಲೆಯೇ ಚಂದಕ್ಕೆ ಬರೆದಿದ್ದಳು. ಆ ಅಕ್ಷರ ಈ ದನಿಗೆ ಓದಲು ಬರುವುದಿಲ್ಲ.

"ಅಮೆರಿಕದ ಆ ಕುರುಡಿ ಹೆಂಗಸು ಕೇಸು ಹಾಕಿದ್ದು ಇದಕ್ಕೆಯಾ?" ಉಪ್ಪ ವಕೀಲರ ನೋಟಿಸು ಮಡಚಿದರು. "ಈ ಗಲ್ಫಿನ ಮೂಲೆಯಲ್ಲಿ, ಅಲ್ ಮೀನಾದ ಅಂಗಡಿಯಲ್ಲಿ ಕೂತು ಅಲ್ಲಿಗೆ ಮಾಲು ಕಳಿಸಲು ಹೊರಟದ್ದೇ ತಪ್ಪು. ಸೈಟ್ ಮುಚ್ಚು, ಖಲಾಸ್."

ಎರಡು ವರ್ಷ ಕೂತು ಕಟ್ಟಿದ್ದು. ಜಸೀಲ ಫೋನಿನ ದನಿ ನಿಲ್ಲಿಸಿದಳು. "ಕಣ್ಣು ಕಾಣದವರಿಗೆ ಆನ್‌ಲೈನಲ್ಲಿ ಕಾರ್ಪೆಟ್ ನೋಡ್ಲಿಕ್ಕೆ ಏನುಂಟು ಉಪ್ಪ? ದುಡ್ಡು ಕೀಳ್ಲಿಕ್ಕೆ ಅಷ್ಟೇ."

ಪಕ್ಕದಲ್ಲಿ ಕೂತಿದ್ದ ಉಮ್ಮ ಕೈ ಚಾಚಿದರು. ಪರೀಕ್ಷಿಸಲು ಜಸೀಲ ಇಸಿದುಕೊಂಡಿದ್ದ ಫೋನು ಅವರದೇ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದ ಮೇಲೆ ಈ ಓದುವ ದನಿಗೆಂದೇ ಕೊಡಿಸಿದ್ದು.

"ನಾನು ಈ ಸೈಟ್ ದಿನಾ ನೋಡ್ತೇನಲ್ಲ ಮಗಳೇ, ನೀನು ಮಾಡಿದ್ದು ಅಂತ," ಎಂದರು ಉಮ್ಮ, ಪರದೆಯನ್ನು ಸೆರಗಿನಿಂದ ಒರೆಸುತ್ತ. "ಇಷ್ಟೇ ಹೇಳ್ತಿತ್ತು. ನನ್ನ ಬೆರಳೇ ಸರಿ ಒತ್ತುವುದಿಲ್ಲ ಅಂದುಕೊಂಡಿದ್ದೆ."