ನೀಲಿ ದಾರ

ಮಗಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅಮ್ಮ ನೆಲದ ಮೇಲೆ ಗೋಡೆಗೊರಗಿ ಕೂತು, ಯಾರದೋ ಮಗುವಿನ ಶಾಲೆಯ ಲಂಗಕ್ಕೆ ಕೈಯಲ್ಲೇ ಅಂಚು ಹೊಲಿಯುತ್ತಿದ್ದಳು. ಹೊಲಿಗೆ ಮುಗಿದ ಕಡೆ ಬಾಗಿ, ದಾರವನ್ನು ಹಲ್ಲಿನಿಂದ ಕಡಿದಳು. ಅವಳ ಕಣ್ಣೆದುರಿಗೇ ಹೊಲಿಗೆ ಮಿಷನ್ನು ಮುಸುಕು ಹೊದ್ದು ನಿಂತಿತ್ತು. ಅದರ ಪಕ್ಕದಲ್ಲಿ ಅವಳ ಬೆತ್ತದ ಕುರ್ಚಿ ಖಾಲಿಯಾಗಿತ್ತು.

"ಮಿಷನ್ ಕೆಟ್ಟಿದೆಯೇನಮ್ಮ?"

"ಅದಕ್ಕೇನು ರೋಗ? ನನ್ನ ಸೊಂಟಕ್ಕಿಂತ ಗಟ್ಟಿಯಾಗಿದೆ."

ಹಾಗಿದ್ದರೆ ನೆಲದ ಮೇಲೆ ಕೂತು ಕಣ್ಣು ಕಳೆದುಕೊಳ್ಳುವುದು ಯಾಕೆ ಎಂದು ಕೇಳಿದರೆ ಅಮ್ಮ ಕೇಳಿಸದವಳಂತೆ ಗೋಡೆ ಹಿಡಿದು ಎದ್ದಳು. ಮೊದಲು ಒಂದು ಮಂಡಿ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು. ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಕುದಿ ಬಂದ ಮೇಲೆ, ಮೇಲಿನ ಹಲಗೆಯಲ್ಲಿದ್ದ ಹೂವಿನ ಪಿಂಗಾಣಿ ಕಪ್ಪುಗಳ ಕಡೆ ಗಲ್ಲ ತೋರಿಸಿ, ನಿನಗೊಂದು ನೀನೇ ಇಳಿಸಿಕೋ ಎಂದಳು. ತನಗೆ ಅಂಚು ನೆಗ್ಗಿದ ಸ್ಟೀಲ್ ಲೋಟದಲ್ಲಿ ಬಗ್ಗಿಸಿಕೊಂಡು, ಸುಡುವ ಲೋಟವನ್ನು ಸೆರಗಿನಲ್ಲಿ ಹಿಡಿದಳು. ಮಗಳು ಕಪ್ಪು ಇಳಿಸಿದಳು. ಅದರ ಕಿವಿಯಲ್ಲಿ ನೀಲಿ ದಾರದ ಗಂಟು ಬೆರಳಿಗೆ ತಾಗಿತು.

ಅಪ್ಪ ಹೋದಾಗ ಅವರ ಕೈಗಡಿಯಾರ ಒಂದಕ್ಕಾಗಿ ದೊಡ್ಡಪ್ಪ ಚಿಕ್ಕಪ್ಪ ಮಾತು ಬಿಟ್ಟವರು ಇವತ್ತಿಗೂ ಆಡಿಲ್ಲ. ತನ್ನ ಮಕ್ಕಳು ಹಾಗಾಗಬಾರದೆಂದು ಅಮ್ಮ ತಾನೇ ವಕೀಲರ ಹತ್ತಿರ ಹೋಗಿ ಉಯಿಲು ಬರೆಸಿದ್ದಳು. ಮನೆಯಲ್ಲಿ ಮಗಳಿಗೂ ಮಗನಿಗೂ ಸಮಪಾಲು. ಪಕ್ಕದ ಮನೆಯ ಗಂಡ ಹೆಂಡತಿ ಸಾಕ್ಷಿ ಹಾಕಿದ್ದರು. ಜನ ಮನೆಯನ್ನು ಹೇಗೋ ಹಂಚಿಕೊಳ್ಳುತ್ತಾರೆ, ತಲೆ ಒಡೆದುಕೊಳ್ಳುವುದು ಪಾತ್ರೆ ಪಗಡೆಗೆ, ಯಾರಿಗೇನು ಬೇಕೆಂದು ಮಕ್ಕಳನ್ನು ಈಗಲೇ ಕೇಳಿಬಿಡಿ ಎಂದು ವಕೀಲರು ಹೇಳಿ ಕಳಿಸಿದ್ದರು. ಜೀವಮಾನವೆಲ್ಲ ಹೊಲಿದವಳಿಗೆ ಹೊಳೆದದ್ದು ದಾರವೇ. ಮಗಳಿಗೆ ನೀಲಿ ಉಂಡೆ, ಮಗನಿಗೆ ಕೆಂಪು. ಬೇಕಾದ್ದಕ್ಕೆ ಕಟ್ಟಿಕೊಳ್ಳಿ, ನಾನು ಹೋದ ಮೇಲೆ ಕಿತ್ತಾಡಬೇಡಿ ಎಂದಿದ್ದಳು.

ಏನವಸರ ಅಕ್ಕ, ಅಮ್ಮ ನಮ್ಮಿಬ್ಬರನ್ನೂ ಕಳಿಸಿಯೇ ಹೋಗೋಳು ಎಂದು ತಮ್ಮ ಫೋನಿನಲ್ಲಿ ನಕ್ಕಿದ್ದ. ಅದರಲ್ಲಿ ಮಗಳಿಗೆ ಉಪಾಯದ ವಾಸನೆ ಬಡಿದಿತ್ತು. ಮರುದಿನವೇ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ಮಿಷನ್ನು, ನಿಲುವುಗನ್ನಡಿ, ಕಪ್ಪುಗಳು, ಕೈಗೆ ಸಿಕ್ಕಿದ್ದಕ್ಕೆಲ್ಲ ದಾರ. ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. "ಒಂದ್ನಿಮಿಷ ಏಳಮ್ಮ," ಎಂದು ಎಬ್ಬಿಸಿ, ಕುರ್ಚಿಯನ್ನು ಬೋರಲು ಹಾಕಿ, ಅದರ ಕಾಲಿಗೂ ಕಟ್ಟಿದ್ದಳು. ಕಟ್ಟುವಾಗ ಯಾವುದೋ ಹಾಡು ಗುನುಗುತ್ತಿದ್ದದ್ದೂ ಈಗ ನೆನಪಾಯಿತು.

ಕಪ್ಪು ಕೆಳಗಿಟ್ಟಳು. "ಅಮ್ಮ, ಅವತ್ತಿಂದ ನೀನು ಆ ಕುರ್ಚಿ ಮೇಲೆ ಕೂತೇ ಇಲ್ವಾ?"

"ದಾರ ಕಟ್ಟಿದೀಯಲ್ಲೇ."

ಬೇರೇನೂ ಕೇಳಬೇಕಾಗಿರಲಿಲ್ಲ. ಅಮ್ಮನ ಅಂಗಡಿಯಲ್ಲಿ ಬಟ್ಟೆ ಬಂದ ಕೂಡಲೇ ಮೂಲೆಗೊಂದು ದಾರ ಬೀಳುತ್ತಿತ್ತು, ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬಣ್ಣ. ದಾರ ಬಿದ್ದದ್ದು ಗಿರಾಕಿಯ ಸ್ವತ್ತು. ಅದಕ್ಕೆ ಅಮ್ಮ ಒದ್ದೆ ಕೈ ಕೂಡ ತಾಗಿಸುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಂಥದೊಂದು ರೇಷ್ಮೆ ಬಟ್ಟೆಯನ್ನು ಮೈಗೆ ಸುತ್ತಿಕೊಂಡು ಕುಣಿದದ್ದಕ್ಕೆ ಬೆನ್ನಿಗೆ ಬಿದ್ದ ಏಟು ಮಗಳಿಗೆ ಮರೆತಿರಲಿಲ್ಲ. ಗೊತ್ತಿಲ್ಲದೆ ಕಟ್ಟಿದೆ ಎಂದು ಹೇಳಿಕೊಳ್ಳುವ ದಾರಿಯೂ ಇರಲಿಲ್ಲ.

"ಉಯಿಲು ಬರೆದ್ರೂ ನೀನಿರೋ ತನಕ ಎಲ್ಲಾ ನಿಂದೇ ಅಂತ ವಕೀಲರು ಹೇಳಲಿಲ್ವೇನಮ್ಮ?" ಎಂದಳು.

"ಹೇಳಿದ್ರು. ಅದು ಮನೆ ವಿಷ್ಯ. ಮನೆಗೆ ಯಾರೂ ದಾರ ಕಟ್ಟಿಲ್ವಲ್ಲ." ಅಮ್ಮ ಚಹಾ ಊದಿ ಕುಡಿದಳು. "ನಾನು ಕೂತಿರೋವಾಗ್ಲೇ ಏಳು ಅಂದ್ಯಲ್ಲ, ಪಾಪ, ಅಷ್ಟೊಂದು ಬೇಕಾಗಿತ್ತೇನೋ ಅಂದ್ಕೊಂಡೆ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಮಗಳು ಎದ್ದು ಮುಂದಿನ ಕೋಣೆಗೆ ಬಂದಳು. ಗೂಡಿನಲ್ಲಿ ತಮ್ಮನ ಕೆಂಪು ಉಂಡೆ, ಸುತ್ತಿದ ಕಾಗದವೂ ಹರಿಯದೆ ಇಟ್ಟಲ್ಲೇ ಇತ್ತು. ಅವಳು ಅದರ ಕಡೆ ನೋಡದೆ ಕುರ್ಚಿಯನ್ನು ಬೋರಲು ಹಾಕಿ ಗಂಟಿಗೆ ಉಗುರು ಕೊಟ್ಟಳು. ಎಳೆದಷ್ಟೂ ಬಿಗಿಯುವ ಗಂಟು, ಅಮ್ಮನೇ ಕಲಿಸಿದ್ದು. ಉಗುರು ಮುರಿಯಿತು. ಬಾಗಿಲಲ್ಲಿ ಲೋಟ ಹಿಡಿದು ನಿಂತ ಅಮ್ಮ, ಇರಲಿ ಬಿಡು, ನೆಲ ತಣ್ಣಗಿರುತ್ತೆ, ನನಗೆ ಅಭ್ಯಾಸವಾಗಿದೆ ಎಂದಳು.

"ಕತ್ತರಿ ಕೊಡಮ್ಮ," ಎಂದಳು ಮಗಳು, ಮುಖವೆತ್ತದೆ.

ಅಮ್ಮ ನಿಂತಲ್ಲಿಂದ ಕದಲಲಿಲ್ಲ. "ಅಗೋ, ಕಿಟಕಿ ಪಕ್ಕ ಮೊಳೆಗೆ ತೂಗುಹಾಕಿದೆ. ನೀನೇ ತಗೋಬೇಕು ಕಣೇ."

ಮಗಳು ತಲೆಯೆತ್ತಿ ನೋಡಿದಳು. ಕತ್ತರಿಯ ಹಿಡಿಗೂ ನೀಲಿ ದಾರವಿತ್ತು. ತಮ್ಮ ಬಿಚ್ಚಿಬಿಟ್ಟಾನೆಂದು ಅದಕ್ಕೆ ಮಾತ್ರ ಅವಳು ಎರಡು ಗಂಟು ಹಾಕಿದ್ದಳು.