ಕಪ್ಪು ದಂಟಿನ ಜರಿಗಿಡ

ಸಾವಕ್ಕ ಸತ್ತಳೆಂಬ ಖಬರು ಬಂದಾಗ ಕಮಲಾಬಾಯಿ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ.

“ಹೆಣಾ ಹೊರಲಿಕ್ಕೆ ಯಾರೂ ಮುಂದ ಬರವಲ್ರು, ಕಾಕೂ,” ಎಂದ ಮಗನ ಗೆಳೆಯ ಗೋಪಾಲ. “ಮುಂಜಾನಿಂದ ಹಂಗ ಬಿದ್ದದ. ನೀವು ಬಂದು ಒಂದು ಮಾತು ಹೇಳಿದ್ರ ನಾಕು ಮಂದಿ ಬರತಾರ.”

“ನಾ ಯಾಕ ಬರಲಿ? ನನ್ನ ಮಗನ್ನ ಪೊಲೀಸರಿಗೆ ತೋರಿಸಿಕೊಟ್ಟಾಕಿ ಆಕಿ.”

ದೇಶಕ್ಕೆ ಸ್ವಾತಂತ್ರ್ಯ ಬಂದು ಒಂಬತ್ತು ದಿನವಾಗಿತ್ತು. ಹಿರೇವಡ್ಡಟ್ಟಿಯ ಶಾಲೆಯ ಮುಂದೆ ಧ್ವಜ ಏರಿಸಿ, ಹುತಾತ್ಮನ ತಾಯಿಯೆಂದು ಅವಳಿಗೆ ಮಾಲೆ ಹಾಕಿದ್ದರು. ಮಾಲೆಯನ್ನು ಗೂಟಕ್ಕೆ ತೂಗುಹಾಕಿ ಅವಳು ನೆಟ್ಟಗೆ ಹಿತ್ತಲಿಗೆ ಬಂದಿದ್ದಳು.

ಹಿತ್ತಲಲ್ಲಿ ಎರಡು ದೊಡ್ಡ ಬೇವಿನ ಮರ. ಬಿಸಿಲು ನೆಲ ಮುಟ್ಟದ ಜಾಗ, ತುಳಸಿಯೂ ಬಾರದು. ಶಾಲೆಯ ಮಾಸ್ತರನಾಗಿದ್ದ ಗಂಡ ಕಪ್ಪತಗುಡ್ಡದ ಅಡವಿಯಿಂದ ನೆಲತಾಳೆ, ಕಾಡರಿಶಿನ, ಶತಾವರಿ ತಂದು ಅಲ್ಲಿ ನೆಟ್ಟಿದ್ದ. ಬೇಸಿಗೆಯಲ್ಲಿ ಸತ್ತಂತೆ ಮಲಗಿ ಮೊದಲ ಮಳೆಗೆ ತಾವೇ ಏಳುವ ಗಿಡಗಳು. ಅವನು ತೀರಿದ ಮೇಲೆ ತರಗೆಲೆ ಹೊದಿಸಿ ಅವಳೇ ಅವನ್ನು ಸಾಕಿದಳು.

ನಲವತ್ತೆರಡರ ಚಳವಳಿಯಲ್ಲಿ ಮಗ ಶ್ರೀಪಾದ ಗೋಪಾಲನೊಂದಿಗೆ ತಲೆಮರೆಸಿಕೊಂಡು ಅದೇ ಗುಡ್ಡ ಸೇರಿದ. ಕಟ್ಟಿಗೆ ಮಾರುವ ಸಾವಕ್ಕನ ಹೊರೆಯಲ್ಲಿ ಆಗಾಗ ಒಂದು ಗಡ್ಡೆಯೋ ಬೇರು ಸಮೇತ ಒಂದು ಗಿಡವೋ ಬರುತ್ತಿತ್ತು. ಚೀಟಿ ಇರುತ್ತಿರಲಿಲ್ಲ. ಗಿಡ ಬಂತೆಂದರೆ ಮಗ ಬದುಕಿದ್ದಾನೆಂದು ಅರ್ಥ. ಅವನಿರುವ ಜಾಗ ಊರಲ್ಲಿ ಸಾವಕ್ಕನಿಗೊಬ್ಬಳಿಗೇ ಗೊತ್ತು. ಕಮಲಾಬಾಯಿ ಕೇಳಲಿಲ್ಲ, ಅವಳು ಹೇಳಲಿಲ್ಲ.

ಮರುವರ್ಷ ವೈಶಾಖದಲ್ಲಿ ಫೌಜದಾರ ಪೊಲೀಸರೊಂದಿಗೆ ಬಂದ. ಮನೆ ಜಾಲಾಡಿದ, ಹಿತ್ತಲು ಅಗೆಸಿದ. ಒಂದು ಕಾಗದವೂ ಸಿಗಲಿಲ್ಲ. ಎರಡು ದಿನದ ಹಿಂದಷ್ಟೇ ಸಾವಕ್ಕನ ಹೊರೆಯಲ್ಲಿ ಬಂದು ನೆಲ ಸೇರಿದ್ದ, ಕಪ್ಪು ದಂಟಿನ ಜರಿಗಿಡವನ್ನು ಪೊಲೀಸ ಹುಚ್ಚೀರಪ್ಪ ಕಿತ್ತು ಬಿಸಿಲಿಗೆ ಎಸೆದ. ಅಲ್ಲಿಯವರೆಗೆ ತುಟಿ ಬಿಚ್ಚದ ಕಮಲಾಬಾಯಿಗೆ ತಡೆಯಲಾಗಲಿಲ್ಲ.

“ಬಿಸಲಾಗ ಒಗೀಬ್ಯಾಡೋ. ಇಂಥಾ ಬ್ಯಾಸಗಿಯೊಳಗೂ ನೀರು ಒಸರೋ ಕಲ್ಲಬಂಡಿ ಸಂದ್ಯಾಗ ಬೆಳೆಯೋದದು. ಜೀವಾ ಹೋಗತದ ಅದರದು.”

ಹುಚ್ಚೀರಪ್ಪ ಗಿಡವನ್ನು ಎತ್ತಿ ನೋಡಿದ. “ತಪ್ಪಾತ್ರಿ, ಬಾಯಾರ,” ಎಂದು ತಾನೇ ನೆಟ್ಟು ನೀರು ಹನಿಸಿದ. ಪೊಲೀಸನಾದರೂ ಮನುಷ್ಯ, ಎಂದುಕೊಂಡಳು ಅವಳು.

ಅಂದೇ ಸಾವಕ್ಕನನ್ನು ಠಾಣೆಗೆ ಒಯ್ದರು. ಮೂರನೆಯ ದಿನ ಗುಡ್ಡದಲ್ಲಿ ಶ್ರೀಪಾದ ಗುಂಡಿಗೆ ಬಲಿಯಾದ, ಗೋಪಾಲ ಸಿಕ್ಕಿಬಿದ್ದ. ನಾಲ್ಕನೆಯ ದಿನ ಸಾವಕ್ಕನನ್ನು ಬಿಟ್ಟರು. ಬೆನ್ನ ತುಂಬ ಬಾಸುಂಡೆ ಹೊತ್ತು ಅವಳು ಮೊದಲು ಬಂದದ್ದು ಈ ಮನೆಗೆ.

“ಪೊಲೀಸರ ಮುಂದ ಬಾಯಿ ಬಿಟ್ಟೆಲ್ಲ, ಸಾವಕ್ಕ,” ಎಂದಳು ಕಮಲಾಬಾಯಿ.

ಸಾವಕ್ಕ ಏನೋ ಹೇಳಲು ಹೊರಟವಳು ಆ ತಾಯಿಯ ಮುಖ ನೋಡಿ ನಿಂತಳು. “ಹೂಂನ್ರಿ, ಬಾಯಾರ,” ಎಂದು ತಲೆ ಬಗ್ಗಿಸಿ ಹೋದಳು.

ಆ ‘ಹೂಂ’ ಊರೆಲ್ಲ ಹಬ್ಬಿತು. ಅವಳ ಕಟ್ಟಿಗೆಯನ್ನು ಯಾರೂ ಕೊಳ್ಳಲಿಲ್ಲ. ಅವಳು ಬಾವಿಗೆ ಬಂದರೆ ಉಳಿದವರು ಹಗ್ಗ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ನಾಲ್ಕು ವರ್ಷ ಹಾಗೇ ನಡೆಯಿತು.

“ಆಕೀನ ಒಪ್ಪಿಕೊಂಡಾಳ, ಗೋಪಾಲ. ನನ್ನ ಮುಂದನ.”

ಗೋಪಾಲ ಅವಳ ಎದುರಿಗೆ ಮಣ್ಣಿನಲ್ಲೇ ಕುಳಿತ.

“ಸಾವಕ್ಕಗ ಕೊಟ್ಟ ಆಣಿ ಮುರೀಲಿಕ್ಕತ್ತೀನಿ, ಕಾಕೂ. ಎಷ್ಟ ಬಡದ್ರೂ ಆಕಿ ಒಂದಕ್ಷರಾ ಹೇಳಲಿಲ್ಲ. ಹುಚ್ಚೀರಪ್ಪ ಆ ಗುಡ್ಡದಾಗ ದನಾ ಕಾಯ್ದು ಬೆಳದಾಂವ. ವೈಶಾಖದಾಗ ನೀರು ಒಸರೋ ಕಲ್ಲಬಂಡಿ ಅಲ್ಲೆ ಒಂದ ಒಂದ ಅದ ಅಂತ ಅವಗ ಗೊತ್ತಿತ್ತು. ಗಿಡದ ಸುದ್ದಿ ನಿಮ್ಮ ಬಾಯಿಂದನ ಸಿಕ್ತು ಅಂತ ಕೋರ್ಟಿನ್ಯಾಗ ಸಾಕ್ಷಿ ನುಡದಾ. ಸಾವಕ್ಕ ಅದನ್ನ ಠಾಣೇದಾಗನ ಕೇಳಿದ್ಲು. ಕೋರ್ಟಿನ ಅಂಗಳದಾಗ ನನ್ನ ಕೈ ಹಿಡದು ಅಂದ್ಲು, ‘ಆ ತಾಯಿಗೆ ಹೇಳಬ್ಯಾಡ್ರಿ. ನನ್ನ ಬೈಕೋತ ಆದ್ರೂ ಬದಕ್ಲಿ.’”