ಎಂಟು ನಿಮಿಷ ತೆರೆದ ಕ್ಯಾಮೆರಾ

ಹೊನ್ನಕ್ಕ ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದಳು. ಅರ್ಧ ಅಂಗಳ ಮುಗಿದಿರಲಿಲ್ಲ, ಬೇಲಿಯಾಚೆ ಟಾರ್ಚಿನ ಬೆಳಕು ಕಂಡಿತು. ಹಾಸನದ ಸ್ಟುಡಿಯೋದ ವಿಶ್ವಾಸ್. ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಕೊರಳಲ್ಲಿ ಕ್ಯಾಮೆರಾ. ಹಿಂದಿನ ಸಂಜೆಯ ಬಸ್ಸಿಗೆ ಗೊರೂರಿಗೆ ಬಂದು, ಶಾಲೆಯ ಜಗಲಿಯಲ್ಲಿ ಮಲಗಿ ಎದ್ದು ಬಂದಿದ್ದ.

“ನೀರು ಎಲ್ಲೀವರೆಗೆ ಇಳಿದಿದೆ ಹೊನ್ನಕ್ಕ?”

“ಒಸ್ಲು ಬುಡಕ್ಕೆ ಬಂದೈತೆ ಸಾ. ನೆನ್ನೆ ಸಂಜೆ ಓಗಿ ನೋಡ್ಕಂಡ್ ಬಂದೆ. ನಾಳಿಕ್ಕಾದ್ರೆ ಬರೀ ಕೆಸ್ರು.”

ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಅವಳ ತೌರುಮನೆಯಲ್ಲಿ ಉಳಿದದ್ದು ಆ ಹೊಸಿಲುಗಲ್ಲು ಒಂದೇ. ಬೇಸಿಗೆಯಲ್ಲಿ ಅದು ನೀರಿನಿಂದ ಎದ್ದ ಮೊದಲ ಬೆಳಗ್ಗೆ ಅವಳು ಹೋಗಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಅದರ ಮೇಲೆ ಸ್ವಲ್ಪ ಹೊತ್ತು ಹಣೆ ಇಟ್ಟು ಬರುತ್ತಿದ್ದಳು. ಅಪ್ಪ ಬೈರಯ್ಯ ಇರುವ ತನಕ ಅವನ ಜೊತೆ, ಆಮೇಲೆ ಒಬ್ಬಳೇ. ವಿಶ್ವಾಸನಿಗೂ ಬೇಕಾದದ್ದು ಅದೇ ಬೆಳಗು. ಮೂರು ಬೇಸಿಗೆಯಿಂದ ಯಾವ ದಿನ ನೀರು ಎಲ್ಲಿತ್ತು, ಸೂರ್ಯ ಯಾವ ದಿನ್ನೆಯ ಹಿಂದೆ ಹುಟ್ಟಿದ ಎಂದು ಡೈರಿಯಲ್ಲಿ ಬರೆದಿಟ್ಟಿದ್ದ. ಮೊದಲ ವರ್ಷ ಬಂದಾಗ ಕಲ್ಲು ಇನ್ನೂ ನೀರೊಳಗಿತ್ತು, ಮರುವರ್ಷ ಬಂದಾಗ ಸುತ್ತ ನೀರೇ ಇರಲಿಲ್ಲ. ಈ ಸಲ ತನ್ನ ವಿಳಾಸ ಬರೆದ ಕಾರ್ಡುಗಳನ್ನು ಹೊನ್ನಕ್ಕನಿಗೇ ಕೊಟ್ಟು ಹೋಗಿದ್ದ. “ಇನ್ನು ಎರಡು ಮೊಳ ನೀರು ಇದೆ” ಎಂದು ಬರೆದು ಅಂಚೆ ಡಬ್ಬಿಗೆ ಹಾಕಿದವಳು ಮೂರನೇ ಕ್ಲಾಸಿನ ಮಗಳು ಕವನಾ.

“ಬೆಳಕು ಹರಿಯೋ ಹೊತ್ತಿಗೆ ಎಂಟು ನಿಮಿಷ ಕ್ಯಾಮೆರಾ ತೆರೆದೇ ಇಡಬೇಕು. ಅಷ್ಟು ಹೊತ್ತಿಗೆ ಅಲೆಯೆಲ್ಲ ಕರಗಿ ನೀರು ಮಂಜಿನ ಥರ ಬರುತ್ತೆ. ಅಲ್ಲೀವರೆಗೆ ಯಾರೂ ಹತ್ರ ಹೋಗೋದು ಬೇಡ. ಆಮೇಲೆ ನಿಮ್ಮ ಪೂಜೆ.”

“ಆಮ್ಯಾಕೆ ಬಿಸ್ಲು ಬಿದ್ಬುಡ್ತದೆ ಸಾ. ಬಿಸ್ಲು ಬಿದ್ಮ್ಯಾಲೆ ಒಸ್ಲು ತೊಳುದ್ರೆ, ಈ ಮನೇಲಿ ಯಾರೂ ಎದ್ದಿಲ್ಲ ಅಂತ ಲಕ್ಷ್ಮಿ ವಾಪಸ್ ಓಯ್ತಾಳೆ.”

“ಅಲ್ಲಿ ಮನೆಯೇ ಇಲ್ವಲ್ಲ ಹೊನ್ನಕ್ಕ!”

“ಒಸ್ಲು ಐತಲ್ಲ.”

ವಿಶ್ವಾಸ್ ಗಡಿಯಾರ ನೋಡಿಕೊಂಡ. ಚೀಲದಿಂದ ಒಂದು ಫೋಟೋ ತೆಗೆದು ಟಾರ್ಚ್ ಬಿಟ್ಟ. ಕೊರವಂಗಲದ ದೇವಸ್ಥಾನ, ಖಾಲಿ ಅಂಗಳ. “ಇದನ್ನ ತೆಗೆದಾಗ ಇಲ್ಲಿ ಒಂದು ಶಾಲೆ ಮಕ್ಕಳೆಲ್ಲ ಕುಣೀತಿದ್ರು. ಹತ್ತು ನಿಮಿಷ ತೆರೆದಿಟ್ಟೆ.”

“ಐಕ್ಳು ಎಲ್ಲೋದ್ರು?” ಕಣ್ಣುಜ್ಜುತ್ತ ಬಂದ ಕವನಾ ಕೇಳಿದಳು.

“ಓಡಾಡ್ತಿದ್ರಲ್ಲ, ಅದಕ್ಕೇ ಬರಲಿಲ್ಲ. ಅಲ್ಲಾಡದೆ ಇರೋದು ಮಾತ್ರ ಬರುತ್ತೆ. ಸರಿ ಹೊನ್ನಕ್ಕ, ನೀವು ಹೋಗಿ. ಅರಿಶಿನ ಮಾತ್ರ ಕೊನೆಗೆ ಹಚ್ಚಿ, ಮೊದಲೇ ಹಚ್ಚಿದ್ರೆ ಫೋಟೋದಲ್ಲಿ ಬಂದುಬಿಡುತ್ತೆ. ಆದರೆ ಕೈಕಾಲು ಆಡಿಸ್ತಾನೇ ಇರಬೇಕು. ಸುಮ್ನೆ ಕೂತ್ರೆ ನೆರಳಿನ ಹಾಗೆ ಬಂದುಬಿಡ್ತೀರಿ, ನನ್ನ ಮೂರು ವರ್ಷ ಹಾಳು.”

“ಸುಮ್ಕೆ ಕೂರಾದು ನಮ್ಗೆಲ್ ಗೊತ್ತು ಸಾ!” ಹೊನ್ನಕ್ಕ ನಕ್ಕಳು. “ಆದ್ರೆ ನಂಗೂ ಒಂದ್ ಫೋಟ ಕೊಡ್ಬೇಕು. ವರ್ಸ ವರ್ಸ ಒಂದೊಂದ್ ಕಲ್ಲ ಯಾರಾರ ಎತ್ಕಂಡ್ ಓಯ್ತಾವ್ರೆ. ಇದೂ ಓದ್ರೆ, ಇದು ನಮ್ಮನೆ ಅಂತ ಇವ್ಳಿಗೆ ತೋರ್ಸಾಕೆ ಏನೈತೆ?”

ಕವನಾ ಫೋಟೋವನ್ನು ತಿರುಗಿಸಿ ಹಿಂಬದಿ ನೋಡಿದಳು. “ಅಂಗಾರೆ ಸಾ, ನಮ್ಮವ್ವ...”

“ಲೇ, ಕತೆ ಆಮ್ಯಾಕೆ. ಚೊಂಬ್ ತಕ, ನಡಿ.”

ಮೂವರೂ ಹಿನ್ನೀರಿನ ಅಂಚಿಗೆ ಬರುವಾಗ ಮೂಡಲಲ್ಲಿ ಬೆಳ್ಳಗಾಗುತ್ತಿತ್ತು. ವಿಶ್ವಾಸ್ ಸ್ಟ್ಯಾಂಡಿನ ಕಾಲುಗಳನ್ನು ಕೆಸರಿಗೆ ಒತ್ತಿ ನಿಲ್ಲಿಸಿ, ಕ್ಯಾಮೆರಾ ತೆರೆಯುವ ತಂತಿಯ ಗುಂಡಿ ಒತ್ತಿ ಹಿಡಿದ. ಕವನಾ ಏನೋ ಕೇಳಲು ಹತ್ತಿರ ಬಂದಳು. “ಶ್, ಸ್ಟ್ಯಾಂಡ್ ಅಲ್ಲಾಡುತ್ತೆ ಪುಟ್ಟಿ,” ಎಂದ. ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಹೊನ್ನಕ್ಕ ಸೆರಗು ಸಿಕ್ಕಿಸಿ ಕಲ್ಲಿನ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡಿದಳು. ನೀರು ಸುರಿದಳು, ತೆಂಗಿನ ನಾರಿನಿಂದ ಪಾಚಿ ತಿಕ್ಕಿದಳು, ಮತ್ತೆ ಸುರಿದಳು. ಕಡೆಗೆ ಅರಿಶಿನ ಸವರಿ, ಮೂರು ಕಡೆ ಕುಂಕುಮ ಇಟ್ಟಳು. ಬಾಗಿ ಹಣೆಯನ್ನು ಕಲ್ಲಿಗೆ ತಾಗಿಸಿದಳು.

“ನಿಲ್ಲಬೇಡಿ! ಹೊನ್ನಕ್ಕ, ನಿಲ್ಲಬೇಡಿ! ಇನ್ನೊಂದೂವರೆ ನಿಮಿಷ ಇದೆ!”

ಅವಳು ದಡಕ್ಕನೆ ಎದ್ದಳು. ಎದ್ದವಳು ಏನು ಮಾಡಬೇಕೆಂದು ತೋಚದೆ ಖಾಲಿ ಚೊಂಬು ಹಿಡಿದು ಅತ್ತಿಂದಿತ್ತ ನಡೆದಳು. ದಿನ್ನೆಯ ಹಿಂದಿನಿಂದ ಬಿಸಿಲು ಬಂದು ಹೊಸಿಲಿನ ಮೇಲೆ ಬಿತ್ತು. ಅವಳು ಅದನ್ನು ನೋಡಿದಳು, ಚೊಂಬು ಕೆಳಗಿಟ್ಟು, ಸಿಕ್ಕಿಸಿದ್ದ ಸೆರಗು ಬಿಚ್ಚಿ ಕೈ ಒರೆಸಿಕೊಂಡಳು.

ವಿಶ್ವಾಸ್ ಗುಂಡಿ ಬಿಟ್ಟು ಉಸಿರು ಬಿಟ್ಟ. “ಸರಿಯಾಗಿ ಎಂಟು! ನೀರಂತೂ ಹಾಲಿನ ಹಾಗೆ ಬಂದಿರುತ್ತೆ ಹೊನ್ನಕ್ಕ. ನೀವು ಒಂಚೂರೂ ಬಂದಿರಲ್ಲ, ಬರೆದು ಕೊಡ್ತೀನಿ. ಯಾರೂ ಇಲ್ಲದ ಜಾಗ ಅನ್ನಿಸಬೇಕು, ಹಾಗೆ ಬರುತ್ತೆ. ಫಿಲ್ಮ್ ತೊಳೆಸಿದ ಮೇಲೆ ನಿಮಗೊಂದು ದೊಡ್ಡ ಪ್ರಿಂಟೇ ತಂದು ಕೊಡ್ತೀನಿ.”

“ಆಯ್ತು ಸಾ,” ಎಂದಳು ಹೊನ್ನಕ್ಕ. ಚೊಂಬು ಎತ್ತಿಕೊಂಡು ಮಗಳ ಕೈ ಹಿಡಿದಳು. ಕವನಾ ಹೆಜ್ಜೆ ಕೀಳಲಿಲ್ಲ. ಅವ್ವನ ಹಣೆಗೆ ಅಂಟಿದ್ದ ಅರಿಶಿನ ನೋಡಿದಳು, ಆಮೇಲೆ ಕ್ಯಾಮೆರಾ ನೋಡಿದಳು.

“ಸಾ, ನಮ್ಮವ್ವ ಬಂದಿಲ್ಲ ಅಂದ್ರೆ, ಅದು ನಮ್ಮನೆ ಅಂತ ಫೋಟ ನೋಡ್ದೋರ್ಗೆ ಯಂಗ್ ಗೊತ್ತಾಯ್ತದೆ?”